ಬೆಲ್ಟಿಗೂ ವಯಸ್ಸಾಗುತ್ತದೆ

ನನ್ನ ಸೋದರಮಾವ ಮೆಕ್ಯಾನಿಕ್ಕು. ಎರಡೇ ಕಾರು ಹಿಡಿಸುವ ಗ್ಯಾರೇಜು, ಅದರ ತುಂಬ ಅವನದೇ ದರ್ಬಾರು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಎಂಬ ರಬ್ಬರು ಪಟ್ಟಿ ಹಾಕಿದ ಮೇಲೆ ಅದರ ಮುಚ್ಚಳದ ಮೇಲೆ, ಮತ್ತೆ ಬದಲಾಯಿಸಬೇಕಾದ ಕಿಲೋಮೀಟರನ್ನು ಬಿಳಿ ಪೇಂಟಿನಲ್ಲಿ ಬರೆಯುತ್ತಿದ್ದ. "ಅಲ್ಲೀತನಕ ಈ ಕಡೆ ತಲೆ ಹಾಕ್ಬೇಡಿ" ಎಂದು ಕಳಿಸುತ್ತಿದ್ದ. ಜನರಿಗೆ ಅದು ವೇದವಾಕ್ಯ. ಅವನಿಗಿದ್ದ ಆಸ್ತಿಯೆಂದರೆ ಆ ನಂಬಿಕೆಯೊಂದೇ.

ಒಂದು ಬೆಳಿಗ್ಗೆ ಊರಿನ ಶಾಲೆಯ ಹೆಡ್‌ಮಿಸ್ ತಮ್ಮ ಕೆಟ್ಟುನಿಂತ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಮನೆ, ಶಾಲೆ ಬಿಟ್ಟರೆ ಬೇರೆ ದಾರಿ ಕಾಣದ ಕಾರು. ಮಾವನ ಕೈಯಲ್ಲೇ ಬೆಲ್ಟ್ ಹಾಕಿಸಿ ಒಂಬತ್ತು ವರ್ಷವಾದರೂ ಮೂವತ್ತು ಸಾವಿರ ಕಿಲೋಮೀಟರೂ ಓಡಿರಲಿಲ್ಲ. ಮಾವ ಮುಚ್ಚಳ ಬಿಚ್ಚಿದ. ಬೆಲ್ಟ್ ಬಿರುಕು ಬಿಟ್ಟು ತುಂಡಾಗಿತ್ತು. ಎಂಜಿನ್ ಬಿಚ್ಚಿ ನೋಡಿದರೆ, ಪಿಸ್ಟನ್ ಬಡಿದು ವಾಲ್ವ್‌ಗಳೂ ಬಾಗಿದ್ದವು; ದೊಡ್ಡ ಖರ್ಚಿನ ರಿಪೇರಿ. ಅವನು ಬರೆದ ಲೆಕ್ಕದಲ್ಲಿ ಇನ್ನೂ ಐವತ್ತು ಸಾವಿರ ಬಾಕಿಯಿತ್ತು.

ಆ ದಿನ ಮಾವ ಊಟಕ್ಕೆ ಏಳಲಿಲ್ಲ. ಅತ್ತೆ ಉಪಾಯ ಹೇಳಿದಳು: "ಬೆಲ್ಟೇ ಕಳಪೆ ಬಂದಿತ್ತು ಅಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲೇ," ಎಂದ ಮಾವ. "ರಬ್ಬರು ನಿಂತಲ್ಲೇ ಹಳೇದಾಗುತ್ತೆ. ನಾನು ಓಡಿದ್ದನ್ನ ನೋಡ್ದೆ, ವರ್ಷ ನೋಡ್ಲಿಲ್ಲ."

ನಾನಾಗಿದ್ದರೆ ಅತ್ತೆಯ ಮಾತನ್ನೇ ಕೇಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಮಾವ ಶಾಲೆಗೇ ಹೋಗಿ ತಪ್ಪು ಒಪ್ಪಿಕೊಂಡ, ರಿಪೇರಿಯನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. ಆಮೇಲೆ ಬೆಲ್ಟ್ ಹಾಕಿಸಿ ವರ್ಷಗಳಾದ ಗಿರಾಕಿಗಳನ್ನು ಎಚ್ಚರಿಸಲು ಮನೆಮನೆಗೆ ಸೈಕಲ್ ತುಳಿದ. ಹಲ್ಲಿನ ಡಾಕ್ಟರೊಬ್ಬರು ಗೇಟನ್ನೂ ತೆಗೆಯದೆ ರೇಗಿದರಂತೆ: "ಕೆಲ್ಸ ಇಲ್ಲ ಅಂತ ಮನೆ ಬಾಗಿಲಿಗೇ ಬಂದ್ರೇನ್ರೀ?"

"ಬೈರಿ ಸಾರ್, ಆದ್ರೆ ಬೆಲ್ಟ್ ಬದಲಾಯ್ಸಿ. ಬೇರೆಯವರ ಹತ್ರಾನೇ ಮಾಡಿಸ್ಕೊಳ್ಳಿ," ಎಂದು ಇವನು ಹೇಳಿ ಬಂದ. ಅವತ್ತಿನಿಂದ ಮಾವನೆಂದರೆ ನನಗೆ ಒಂದು ಕೈ ಹೆಚ್ಚೇ ಗೌರವ.

ಎರಡು ವಾರದ ಮೇಲೆ ಹೆಡ್‌ಮಿಸ್ ಕಾರು ಒಯ್ಯಲು ಬಂದರು. ಗ್ಯಾರೇಜಿನಲ್ಲಿ ನಾಲ್ಕು ಜನ ಕೂತಿದ್ದರು. "ಇದನ್ನ ಮತ್ತೆ ಎಷ್ಟು ವರ್ಷಕ್ಕೆ ಬದಲಾಯಿಸ್ಬೇಕು?" ಎಂದು ಎಲ್ಲರೆದುರೇ ಕೇಳಿದರು.

"ನಂಗೊತ್ತಿಲ್ಲ ಮೇಡಂ," ಎಂದ ಮಾವ. "ಕಾರಿನ ಜೊತೆ ಕಂಪ್ನಿ ಕೊಟ್ಟ ಪುಸ್ತಕ ಕೊಡಿ, ನೋಡಿ ಹೇಳ್ತೀನಿ."

ಮೂವತ್ತು ವರ್ಷದಲ್ಲಿ ಗೊತ್ತಿಲ್ಲ ಅನ್ನುವ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಓದಿದ: "ಎಂಬತ್ತು ಸಾವಿರ ಕಿಲೋಮೀಟರ್, ಇಲ್ಲಾ ಐದು ವರ್ಷ. ಯಾವ್ದು ಮೊದಲು ಬರುತ್ತೋ ಅದು."

"ಹಾಗಾದ್ರೆ ಐದು ವರ್ಷಕ್ಕೆ ನಿಮ್ಮ ಹತ್ರಾನೇ ಬರ್ತೀನಿ," ಎಂದರು ಹೆಡ್‌ಮಿಸ್.

ಮಾವನ ಕಣ್ಣು ತುಂಬಿತು. ಆ ಪುಣ್ಯಾತ್ಮ ಅದನ್ನು ಗ್ರೀಸ್ ಮೆತ್ತಿದ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.