ಅಪ್ಪನ ಮೂಗಿನ ಹತ್ತಿ

ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ನಮ್ಮಪ್ಪನನ್ನು ಸಾಯಿಸಲು ಅವನೂ ನಾನೂ ಸೇರಿ ಬಹಳ ಪ್ರಯತ್ನಪಟ್ಟೆವು. ಅವನ ಎದೆ ನಮ್ಮಿಬ್ಬರನ್ನೂ ಸೋಲಿಸಿತು. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರ ಬಂದಿಲ್ಲ. ಕೇಳುವವರಿಗೆ ಬಂದಿರಬಹುದು, ಅದು ಅವರ ಪಾಡು.

ಅಪ್ಪ ಶಿರಾಳಕೊಪ್ಪದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಹಿಂಜುವ ಬಿಲ್ಲಿನ ಹೆದೆಗೆ ಏಟು ಬಿದ್ದರೆ ಸಾಕು, ಕೋಣೆಯ ತುಂಬ ಹತ್ತಿಯ ಎಳೆ ಹಾರಾಡುತ್ತಿತ್ತು. ಅದಕ್ಕೇ ಕೆಲಸಕ್ಕೆ ಕೂರುವ ಮೊದಲು ಎರಡು ಸಣ್ಣ ಹತ್ತಿಯುಂಡೆ ಮಾಡಿ ಮೂಗಿನ ಹೊಳ್ಳೆಗಳಿಗೆ ತುರುಕಿಕೊಳ್ಳುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ನಾನು ಟಿ.ಸಿ.ಎಚ್. ಮುಗಿಸಿ ಸೊರಬದ ಶಾಲೆಯಲ್ಲಿ ಟೀಚರ್ ಆಗಿ ಎರಡು ವರ್ಷವಾಗಿತ್ತು. ವಿಜ್ಞಾನ ನನ್ನ ಪಾಠ. ಹಾಗಾಗಿ ಮನೆಯಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಜಂಬ ಬೇರೆ.

ಆ ಸಲ ಊರಿಗೆ ಫ್ಲೂ ಜ್ವರ ಬಂತು. ನಮ್ಮ ಓಣಿಯಲ್ಲಿ ಮನೆಗಿಬ್ಬರು ಹಾಸಿಗೆ ಹಿಡಿದರು. ಆಗ ಅಪ್ಪನಿಗೆ ಹೊಳೆದ ಉಪಾಯ ಪಿಂಜಾರನ ತಲೆಗೆ ಮಾತ್ರ ಹೊಳೆಯುವಂಥದು. "ನಲವತ್ತು ವರ್ಷದ ದೂಳನ್ನೇ ಈ ಹತ್ತಿ ತಡೆದೈತೆ, ಗಾಳಿಯಾಗಿನ ಜ್ವರ ಇದಕ್ಕೆ ಯಾವ ಲೆಕ್ಕ?" ಎಂದವನೇ ಹಗಲೂ ರಾತ್ರಿ ಉಂಡೆ ಹಾಕಿಕೊಂಡು ಓಡಾಡತೊಡಗಿದ. ಅಷ್ಟಕ್ಕೇ ಬಿಡಲಿಲ್ಲ, ಓಣಿಯವರಿಗೂ ಕರೆಕರೆದು ಹಂಚಿದ. ಆ ಶನಿವಾರ ನಾನು ಸೊರಬದ ಬಸ್ಸಿಳಿದು ಬಂದರೆ, ಕಿರಾಣಿ ಅಂಗಡಿಯವರ ಮೂಗಿನಲ್ಲಿ ಹತ್ತಿ, ದರ್ಜಿಯ ಮೂಗಿನಲ್ಲಿ ಹತ್ತಿ, ಸೊಪ್ಪು ಮಾರುವವಳ ಮೂಗಿನಲ್ಲೂ ಹತ್ತಿ. ಎಲ್ಲರೂ ಗುಂಯ್‌ಗುಂಯ್ ಎಂದು ಮೂಗಲ್ಲಿ ಮಾತಾಡುತ್ತಿದ್ದರು. ನಗುತ್ತಲೇ ಮನೆಗೆ ಬಂದೆ.

ಒಳಗೆ ಅಪ್ಪ ಮಲಗಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದ. ತುಟಿ ಒಡೆದು, ನಾಲಿಗೆ ಒಣಗಿ ಹೋಗಿತ್ತು. ಪಾಪದ ಮೂಗು ಸುರಿಯಬೇಕೆಂದು ಒದ್ದಾಡುತ್ತಿದ್ದರೆ, ಇವನು ಒದ್ದೆ ಉಂಡೆ ತೆಗೆದು ಒಣ ಉಂಡೆ ತುರುಕುತ್ತಿದ್ದ. ತೆಗೆಯಲು ಹೋದ ನನ್ನ ಕೈಯನ್ನು ತಳ್ಳಿದ. "ಇರೋದನ್ನ ಹೊರಗೆ ಬಿಟ್ರೆ ಇನ್ನೊಂದು ಒಳಗೆ ಬರ್ತೈತೆ, ನಿನಗೇನು ಗೊತ್ತು, ಸುಮ್ನಿರು" ಎಂದ.

ಚಿಕ್ಕಪ್ಪ ಹೊಸ್ತಿಲಲ್ಲಿ ಕೂತು ತಲೆಯಾಡಿಸುತ್ತಿದ್ದ. "ನಿಮ್ಮಪ್ಪನ ಎದೆಯಾಗೆ ಏನೈತವ್ವ, ಬರೀ ಹತ್ತಿ. ಈ ಜ್ವರ ತಡಕೊಳ್ಳಂಗಿಲ್ಲ" ಎಂದ. ಅಪ್ಪನ ಕಿವಿಗೆ ಬೀಳುವಂತೆಯೇ ಹೇಳಿದ್ದ. ಸಿಟ್ಟಿನಿಂದ ನನ್ನ ಮೈಯೆಲ್ಲ ಉರಿಯಿತು. ಆದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು, ಏಕೆಂದರೆ ಅದೇ ಮಾತು ನನ್ನ ಮನಸ್ಸಿನಲ್ಲೂ ಇತ್ತು.

ಅಪ್ಪನನ್ನು ಕೆಮ್ಮು ಕ್ಷಣವೂ ಬಿಡುತ್ತಿರಲಿಲ್ಲ. ನನ್ನ ಚೀಲದಲ್ಲಿ, ಊರಿಗೆ ಜ್ವರ ಬಂದ ಸುದ್ದಿ ತಿಳಿದು ಸೊರಬದ ಮೆಡಿಕಲ್ ಶಾಪಿನಿಂದ ಕೇಳಿ ತಂದ, ಕೆಮ್ಮು ನಿಲ್ಲಿಸುವ ಸಿರಪ್ ಇತ್ತು. ಬೇಗ ಗುಣವಾಗಲಿ ಎಂದು ಒಂದು ಚಮಚದ ಜಾಗದಲ್ಲಿ ಎರಡು ಚಮಚ ಕುಡಿಸಿದೆ. ಕೆಮ್ಮು ನಿಂತಿತು. "ನನ್ನ ಮಗಳು ಓದಿದ್ದಕ್ಕೂ ಸಾರ್ಥಕ ಆತು" ಎಂದು ಅವ್ವ ನನ್ನ ತಲೆ ಸವರಿದಳು. ಭಾನುವಾರವೆಲ್ಲ ಕುಡಿಸಿದೆ. ಮನೆ ತಣ್ಣಗಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಅಪ್ಪನ ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿಗಟ್ಟಿದೆ, ಎರಡು ಮಾತಿಗೆ ಉಸಿರು ಸಾಲುತ್ತಿಲ್ಲ.

ಬೆಳಗಿನ ಬಸ್ಸಿನಲ್ಲಿ ಚಿಕ್ಕಪ್ಪನೂ ನಾನೂ ಅವನನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದೆವು. ವಯಸ್ಸಾದ ಡಾಕ್ಟರು ಎಲ್ಲಕ್ಕೂ ಮೊದಲು ಚಿಮಟದಿಂದ ಆ ಎರಡು ಉಂಡೆಗಳನ್ನು ಎಳೆದು ಬಿಸಾಡಿದರು. ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು.

"ಇಷ್ಟು ಕಫ ಕಟ್ಟಿದೆ, ಕೆಮ್ಮು ಬರ್ತಾ ಇಲ್ವಾ?"

"ನಿಲ್ಲಿಸಿದೀನಿ ಸಾರ್" ಎಂದು ಬಾಟಲಿ ತೋರಿಸಿದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನು ಕೆಲಸ ಮಾಡ್ತೀರಿ?"

"ಟೀಚರ್ ಸಾರ್. ವಿಜ್ಞಾನ ಹೇಳಿಕೊಡ್ತೀನಿ."

"ದೇವರೇ ಕಾಪಾಡಬೇಕು ಆ ಮಕ್ಕಳನ್ನ" ಎಂದರು. ಇಂಜೆಕ್ಷನ್ ಕೊಡುತ್ತಲೇ ಬೈಯುತ್ತ ಬೈಯುತ್ತ ಪಾಠ ಮಾಡಿದರು. "ಮೂಗಿನ ಕೂದಲು, ಮೂಗಿನ ಲೋಳೆ, ಇವೇ ಮೊದಲ ಕಾವಲು. ಹೊರಗಿನ ಗಾಳೀನ ಬೆಚ್ಚಗೆ ಮಾಡಿ, ಒದ್ದೆ ಮಾಡಿ ಒಳಗೆ ಬಿಡೋದು ಮೂಗು. ಇವರು ಅದನ್ನ ಮುಚ್ಚಿಕೊಂಡು ಬಾಯಲ್ಲಿ ಒಣಗಾಳಿ ಎಳೆದರು. ಶ್ವಾಸನಾಳದಲ್ಲಿ ಕಣ್ಣಿಗೆ ಕಾಣದ ರೋಮ ಇರ್ತವೆ ಕಣಮ್ಮ, ಸಿಕ್ಕಿಬಿದ್ದ ಕೊಳೆಯನ್ನೆಲ್ಲ ಲೋಳೆ ಸಮೇತ ಮೇಲಕ್ಕೆ ಗುಡಿಸ್ತಾನೇ ಇರ್ತವೆ. ಫ್ಲೂ ಬಂದರೆ ಮೊದಲು ಕೆಡೋದೇ ಅವು. ಆಗ ಗುಡಿಸೋಕೆ ಉಳಿಯೋದು ಕೆಮ್ಮು ಒಂದೇ. ಅದನ್ನ ನೀವು ಮಲಗಿಸಿಬಿಟ್ಟಿರಿ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ತಪ್ಪಿಗಾದರೂ ನಲವತ್ತು ವರ್ಷದ ಅನುಭವವಿತ್ತು. ನನ್ನ ತಪ್ಪಿಗೆ ಜಂಬ ಬಿಟ್ಟರೆ ಏನಿತ್ತು?

"ಉಳೀತಾರಾ ಸಾರ್?"

"ಕಫ ಹೊರಗೆ ಬಂದರೆ ಉಳೀತಾರೆ. ಕೂರಿಸಿ, ಬಿಸಿನೀರು ಕುಡಿಸಿ, ಹಬೆ ಕೊಡಿ. ಕೆಮ್ಮಲಿ."

ವಾರ್ಡಿನ ಮಂಚದ ಮೇಲೆ ಅಪ್ಪನನ್ನು ನನ್ನ ಭುಜಕ್ಕೆ ಒರಗಿಸಿ ಕೂರಿಸಿದೆ. ಹಬೆ ಹಿಡಿದೆ, ಬೆನ್ನು ತಟ್ಟಿದೆ. ಮಧ್ಯಾಹ್ನ ಕಳೆಯಿತು, ಏನೂ ಬರಲಿಲ್ಲ. "ಸಾಕು ಬಿಡವ್ವ, ಸುಸ್ತಾಗೈತೆ, ಮಲಗ್ತೀನಿ" ಎಂದ. ಆ ದನಿ ಕೇಳಿ ನನಗೆ ಎದೆ ಒಡೆದಂತಾಯಿತು. ಕಾರಿಡಾರಿನಿಂದ ಚಿಕ್ಕಪ್ಪ ಇಣುಕಿ ನೋಡಿ ಮತ್ತೆ ತಲೆಯಾಡಿಸಿದ. ಅದನ್ನು ನೋಡಿದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು ಬಂತು. ವಾರ್ಡೆಲ್ಲ ತಿರುಗಿ ನೋಡುವಂತೆ ಕಿರುಚಿದೆ: "ಕೆಮ್ಮಪ್ಪಾ! ಮಲಗೋದು ಆಮೇಲೆ. ಕೆಮ್ಮು!"

ಮೊದಲು ಒಂದು ಸಣ್ಣ ಕೆಮ್ಮು ಬಂತು, ಗಂಟಲಲ್ಲೇ ಸತ್ತಿತು. ಇನ್ನೊಂದು ಬಂತು. ಮೂರನೆಯದು ಹೊಕ್ಕುಳಿನಿಂದ ಎದ್ದು ಬಂತು ನೋಡಿ, ಮಂಚ ಅಲ್ಲಾಡಿತು, ಅಪ್ಪನ ಕಣ್ಣಲ್ಲಿ ನೀರು ಸುರಿಯಿತು, ನಾನು ಹಿಡಿದ ಬೋಗುಣಿಗೆ ದಪ್ಪನೆಯ ಹಳದಿ ಕಫ ದೊಪ್ಪನೆ ಬಿತ್ತು. ಮೂಗೂ ಬಿಡುವಿಲ್ಲದೆ ಸುರಿಯತೊಡಗಿತು. ಅಷ್ಟು ಸುಂದರವಾದ ಸಿಂಬಳವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ! ಪಕ್ಕದ ಮಂಚದ ಕುಪ್ಪಗಡ್ಡೆಯ ಅಜ್ಜಿ, "ಹಾಕು ಮಗ, ಇನ್ನೂ ಹಾಕು" ಎಂದು ಹುರಿದುಂಬಿಸಿದಳು. ಅಪ್ಪ ಹಾಕಿದ. ಡಾಕ್ಟರು ಬಂದು ಬೋಗುಣಿ ನೋಡಿ "ಶಭಾಷ್" ಎಂದರು.

ಚಿಕ್ಕಪ್ಪ ಸಂಕೋಚದಿಂದ ಕೇಳಿದ, "ಸಾಹೇಬ್ರೆ, ಎದೆ ತುಂಬ ಹತ್ತಿ ಐತಲ್ರೀ ಇವನಿಗೆ?"

"ಸವೆದಿದೆ, ಸತ್ತಿಲ್ಲ. ಇಷ್ಟು ವರ್ಷ ಅಷ್ಟು ದೂಳನ್ನ ಗುಡಿಸಿ ಹಾಕಿದ ಎದೆ ಅದು. ನೀವು ಅಡ್ಡ ನಿಲ್ಲದೇ ಇದ್ದರೆ ಸಾಕು."

ಅಪ್ಪ ಮೂರು ದಿನ ಕೆಮ್ಮಿದ. ನಾಲ್ಕನೆಯ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ, ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂತಿದ್ದ. ಹೊಳ್ಳೆ ಅರಳಿಸಿ ಮೂಗಿನಿಂದ ಒಂದು ಉದ್ದನೆಯ ಉಸಿರು ಎಳೆದ. ತಡೆಯಿಲ್ಲ, ಸದ್ದಿಲ್ಲ. ಮತ್ತೊಂದು ಎಳೆದ. ಆಮೇಲೆ ನನ್ನ ಕೈಲಿದ್ದ ಗಂಜಿಯ ಕಡೆ ತಿರಸ್ಕಾರದಿಂದ ನೋಡಿ ಹೇಳಿದ:

"ಅಜ್ಜಿಗೆ ಮನೆಯಿಂದ ಮೀನ್ ಸಾರು ಬಂದೈತೆ, ವಾಸನೆ ಇಲ್ಲೀತನಕ ಬರ್ತೈತೆ. ನನಗ್ಯಾಕೆ ಗಂಜಿ?"

ನಾನು ಗಂಜಿ ಕೆಳಗಿಟ್ಟು, ವಾರ್ಡಿನ ನಡುವೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಚಿಕ್ಕಪ್ಪ ಎದ್ದು ಚಪ್ಪಲಿ ಮೆಟ್ಟಿ, ಮೀನು ಸಾರು ಹುಡುಕಿಕೊಂಡು ಪೇಟೆಗೆ ಹೋದ.