ಉತ್ತರದ ಗೋಡೆಯ ಪತಂಗ

ಅಕ್ಕಲಕೋಟದ ಹತ್ತಿರದ ನಮ್ಮ ಹಳ್ಳಿಮನೆಯ ಹಿತ್ತಲಗೋಡೆ ಕಪ್ಪುಕಲ್ಲಿನದಾಗಿತ್ತು. ಅದರ ಉತ್ತರದ ಮೈಗೆ ಬಿಸಿಲು ಅಷ್ಟಾಗಿ ಬೀಳುತ್ತಿರಲಿಲ್ಲ; ಅಲ್ಲಿ ಕಲ್ಲುಹೂವು ಬೂದಿ ಬಣ್ಣದ ಹಕ್ಕಳೆಗಳಾಗಿ ಅಂಟಿಕೊಂಡಿತ್ತು. ಒಂದು ಚಿಕ್ಕ ಪತಂಗ ಅದನ್ನೇ ನಂಬಿ ಬದುಕುತ್ತಿತ್ತು. ಕುಸುಬಿ ಕಾಳಿಗಿಂತ ತುಸು ಉದ್ದ, ಮಾಸಿದ ಅರಿಶಿನದ ಬಣ್ಣ. ಮೊಟ್ಟೆ ಇಡುವುದು ಕಲ್ಲಿನ ಬಿರುಕಿನಲ್ಲಿ. ಮಳೆಗೆ ಕಲ್ಲುಹೂವು ಮೆತ್ತಗಾದಾಗ ಮರಿಹುಳಗಳು ಅದನ್ನು ಕೆರೆದು ತಿನ್ನುತ್ತವೆ, ಒಣಗಿದರೆ ಬಿರುಕು ಸೇರುತ್ತವೆ. ಬೆಳೆದ ಮೇಲೆ ತಮ್ಮ ಮೈಕೂದಲನ್ನೇ ಸೇರಿಸಿ ತೆಳ್ಳನೆಯ ಗೂಡು ನೇಯುತ್ತವೆ. ಸೋಲಾಪುರದ ವಿಜಾಪುರ ರಸ್ತೆಯ ನನ್ನ ಮನೆಯಲ್ಲಾಗಲಿ, ನಾನು ದುಡಿಯುವ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಾಗಲಿ ಈ ಪತಂಗವನ್ನು ಕಂಡಿಲ್ಲ. ಅಲ್ಲಿನ ಗೋಡೆಗಳಲ್ಲಿ ಕಲ್ಲುಹೂವೂ ಇಲ್ಲ.

ಹೋದ ಮಳೆಗಾಲದಲ್ಲಿ ನಾನು ಊರಿಗೆ ಹೋಗಿದ್ದಾಗ ಗೋಡೆಯ ಒಂದು ತುದಿ ನನ್ನ ಕಣ್ಣೆದುರೇ ಕುಸಿಯಿತು. ಅದರ ಬುಡದಲ್ಲಿ ಪಾತ್ರೆ ತಿಕ್ಕುತ್ತಿದ್ದ ವೈನಿ, ನನ್ನ ಅಣ್ಣನ ಹೆಂಡತಿ, ನೀರು ತರಲು ಆಗಷ್ಟೇ ಎದ್ದಿದ್ದರು. ಅವರು ಕುಳಿತಿದ್ದ ಮಣೆ ಕಲ್ಲುಗಳ ಅಡಿಗೆ ಹೋಯಿತು.

ಉಳಿದ ಗೋಡೆಯನ್ನೂ ಕೆಡವಿಸಲು ಅಣ್ಣ ನಿಶ್ಚಯಿಸಿದ. ಹುಳಗಳು ಇನ್ನೂ ಗೂಡು ಕಟ್ಟಿರಲಿಲ್ಲ. ಸ್ವಲ್ಪ ತಡೆಯಬಹುದೇ ಎಂದು ಕೇಳಿದೆ.

“ನಿನ್ನ ಹುಳಕ್ಕ ಮನಿ ಬೇಕಂತ ನಾ ಗ್ವಾಡಿ ಬುಡಕ ಸಾಯ್ಲೇನೋ?” ಎಂದರು ವೈನಿ.

“ಹಂಗಲ್ಲ ವೈನಿ.”

“ಮತ್ತ ಹೆಂಗ? ಡಬ್ಬ್ಯಾಗ ದಗಡಫೂಲ ಐತಿ. ತೋಯಿಸಿ ಹಾಕು. ಮಸಾಲಿ ಊಟ ಯಾರಿಗಿ ಬ್ಯಾಡ?”

ದಗಡಫೂಲವೂ ಕಲ್ಲುಹೂವೇ, ಮಸಾಲೆ ಖಾರ ಕುಟ್ಟಿಸಲು ಪೇಟೆಯಿಂದ ತಂದದ್ದು. ನೆನೆಸಿದ ಚೂರುಗಳ ಮೇಲೆ ಕೆಲವು ಹುಳಗಳನ್ನು ಬಿಟ್ಟೆ. ಅವು ತಲೆಯಾಡಿಸಿ ತಟ್ಟೆಯ ಅಂಚಿಗೆ ಸರಿದವು. ಮರುದಿನವೂ ತಿನ್ನಲಿಲ್ಲ.

ವೈನಿ ತಟ್ಟೆ ಮೂಸಿದರು. “ಲವಂಗದ ವಾಸ್ನಿ ಹಿಡದೈತಿ. ಹೆಂಗ ತಿಂತಾವ, ಪಾಪ.”

ಗೋಡೆ ಕೆಡವಿದ ದಿನ ಅವರೇ ಗೌಂಡಿಗೆ ಹೇಳಿದರು: “ಹುಳ ಇದ್ದ ಕಲ್ಲು ಒಡಿಬ್ಯಾಡ್ರಿ. ಬಚ್ಚಲ ಹಿಂದ ನೆರಳಾಗ ಇಡ್ರಿ. ಕಲ್ಲಿನ ಮಾರಿ ಮೊದಲ ಇದ್ದಂಗ ಉತ್ತರಕ್ಕ ಇರ್ಲಿ.”

ತಟ್ಟೆಯ ಹುಳಗಳನ್ನು ಆ ಕಲ್ಲುಗಳಿಗೆ ಮರಳಿಸಿದೆ. ಸಂಜೆಗೆ ಒಂದು ಹುಳ ಮೆಲ್ಲಗೆ ಕೆರೆಯತೊಡಗಿತು.

ಮುಂದಿನ ಸಲ ಊರಿಗೆ ಹೋದಾಗ ಕಲ್ಲಿನ ಬಿರುಕಿನಲ್ಲಿ ಬರಿದಾದ ಗೂಡುಗಳಿದ್ದವು. ಪತಂಗ ಒಂದೂ ಕಾಣಲಿಲ್ಲ.

“ನಿನ್ನೆ ಹೊಸಾ ಗ್ವಾಡಿ ಮ್ಯಾಲ ಒಂದು ಕುಂತಿತ್ತು ನೋಡು,” ಎಂದರು ವೈನಿ. “ಸಿಮಿಟಿನ್ಯಾಗ ಏನ ಹುಡುಕತಿತ್ತೋ. ಆಮ್ಯಾಲ ಬಚ್ಚಲ ಕಡಿ ಹೋತು.”

ಅವರು ಆ ಗೋಡೆಗೆ ಬೆನ್ನು ಮಾಡಿ ಹೊಸ ಮಣೆಯ ಮೇಲೆ ಕುಳಿತು ಪಾತ್ರೆ ತಿಕ್ಕುತ್ತಿದ್ದರು. ಅವರು ಏಳುವವರೆಗೂ ನಾನು ಗೋಡೆಯನ್ನೇ ನೋಡುತ್ತ ನಿಂತಿದ್ದೆ.