ಬೀಗತಿಯ ರೇಷನ್ ಕಾರ್ಡ್

ಮಗಳ ಡಿವೋರ್ಸ್ ಕೇಸು ಇನ್ನೂ ಕೋರ್ಟಿನಲ್ಲಿತ್ತು. ಮೊಮ್ಮಗಳ ಕಾಲೇಜು ಸ್ಕಾಲರ್‌ಶಿಪ್ಪಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಅಂದು ಅರ್ಜಿ ಕೊಡದಿದ್ದರೆ ಲಾಸ್ಟ್ ಡೇಟಿನೊಳಗೆ ಅದು ಸಿಗುತ್ತಿರಲಿಲ್ಲ. ಅರ್ಜಿಗೆ ಬೇಕಾದ ರೇಷನ್ ಕಾರ್ಡ್ ಮಾತ್ರ ಖಾನಾಪುರದಲ್ಲಿ, ಅಳಿಯನ ಮನೆಯಲ್ಲಿ. “ಕೇಸ್ ಮೊದಲ ವಾಪಸ್ ತಗೋರಿ,” ಎಂದು ಅವನು ಫೋನ್ ಇಟ್ಟಿದ್ದ.

ಆದರೂ ಬೆಳಗಾವಿಯಿಂದ ಮೊಮ್ಮಗಳೊಂದಿಗೆ ಖಾನಾಪುರದ ತಹಶೀಲ್ದಾರ್ ಕಚೇರಿಗೆ ಹೋದೆ.

“ಕಾರ್ಡ್ ಇಲ್ಲಂದ್ರ ಆಗೂದಿಲ್ರಿ ಅಮ್ಮಾರ. ಇಲ್ಲಾ, ಕೋರ್ಟಿನ ಆರ್ಡರ್ ತರ್ರಿ,” ಎಂದ ಗುಮಾಸ್ತ.

ಹಿಂದೆ ನನಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪೊಲೈಟ್ ಇಂಗ್ಲಿಷೆಲ್ಲ ಖರ್ಚಾಯಿತು. ಅವನು ಊಟಕ್ಕೆ ಏಳುವುದರಲ್ಲಿದ್ದ.

ಆಗ ಬೀಗತಿ, ಅಳಿಯನ ತಾಯಿ, ಏದುಸಿರು ಬಿಡುತ್ತ ಒಳಬಂದರು. ಕೇಸು ಶುರುವಾದಂದಿನಿಂದ ನಮಗೆ ಮಾತಿರಲಿಲ್ಲ. ಮೊಮ್ಮಗಳು ನನಗೆ ಹೇಳದೆ ಅವರಿಗೆ ಫೋನ್ ಮಾಡಿದ್ದಳು. ಬೀಗತಿ ಸೆರಗಿನ ಮರೆಯಿಂದ ಕಾರ್ಡ್ ತೆಗೆದು ಟೇಬಲ್ಲಿನ ಮೇಲಿಟ್ಟರು.

“ಮಗನ್ನ ಕೇಳಿ ತಂದೀರೇನ್ರಿ?” ಎಂದ ಗುಮಾಸ್ತ.

“ಕಾರ್ಡಿನ್ಯಾಗ ಮನಿ ಯಜಮಾನಿ ಅಂತ ಯಾರ ಹೆಸರೈತಿ? ಓದಪಾ. ನಂದೈತಿ. ಅಂವನ್ನ ಏನ ಕೇಳೂದು?”

ಮನೆಯ ಹಿರಿಯ ಹೆಂಗಸಿನ ಹೆಸರಲ್ಲೇ ಕಾರ್ಡ್ ಇರುತ್ತದೆ. ಅಳಿಯನ ಕೈ ನೋಡುತ್ತ ನಾನದನ್ನು ಮರೆತೇಬಿಟ್ಟಿದ್ದೆ.

ಗುಮಾಸ್ತ ಅರ್ಜಿ ತೆಗೆದುಕೊಂಡ. ಕಾರ್ಡನ್ನು ನಾನೇ ಎತ್ತಿ ಬೀಗತಿಯ ಕೈಗಿಟ್ಟೆ. ಅವರು ನನ್ನತ್ತ ನೋಡದೆ ಮೊಮ್ಮಗಳ ತಲೆ ಸವರಿದರು.

“ನೀ ಕಲಿಯವ್ವಾ. ನಾ ಮನಿಗಿ ಹೋಗಿ ಅಂವನ ಬೈಗಳಾ ತಿಂತೀನಿ.”